ಸಿಇಟಿ, ಜೆಇಇ ಮೇನ್, ಐಎಟಿ: ಯಾವುದಕ್ಕೆ ಹೆಚ್ಚು ಸಮಯ ಕೊಡಬೇಕು?

ದ್ವಿತೀಯ ಪಿಯು ವಿಜ್ಞಾನದ ಮಕ್ಕಳು ಈ ಮೂರೂ ಪ್ರವೇಶ ಪರೀಕ್ಷೆ ಬರೆಯಬಹುದು. ಆದರೆ ಮೂರಕ್ಕೂ ಒಂದೇ ತಯಾರಿ ಸಾಲದು.

ರಾಜ್ಯದ ಪ್ರವೇಶ ಪರೀಕ್ಷೆಯಾದ ಸಿಇಟಿಯಲ್ಲಿ ಪ್ರತಿ ವಿಷಯಕ್ಕೆ 60 ಪ್ರಶ್ನೆ, 80 ನಿಮಿಷ. ನೆಗೆಟಿವ್ ಅಂಕ ಇಲ್ಲ, ಹಾಗಾಗಿ ಒಂದನ್ನೂ ಖಾಲಿ ಬಿಡಬೇಡಿ. ಎಂಜಿನಿಯರಿಂಗ್ ರ‍್ಯಾಂಕಿಗೆ ಪಿಯು ಅಂಕ ಅರ್ಧ, ಸಿಇಟಿ ಅರ್ಧ. ಕೋಚಿಂಗಿಗೆ ದುಡ್ಡಿಲ್ಲದೆ ವರ್ಷವಿಡೀ ಕಾಲೇಜಿನಲ್ಲೇ ಓದಿದವರಿಗೆ ನಮ್ಮ ಪ್ರಕಾರ ಇದೇ ಹೆಚ್ಚು ನ್ಯಾಯದ ದಾರಿ. 1ರಿಂದ 10ನೇ ತರಗತಿವರೆಗೆ ಹಳ್ಳಿಯಲ್ಲಿ ಅಥವಾ ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಮೀಸಲಾತಿಯೂ ಇದೆ. ಬಹಳಷ್ಟು ಮಂದಿ ಎಡವುವುದು ಇಲ್ಲೇ: ಗ್ರಾಮೀಣ ಪ್ರಮಾಣಪತ್ರದಲ್ಲಿ ಹತ್ತೂ ವರ್ಷದ ವಿವರ, ಮುಖ್ಯೋಪಾಧ್ಯಾಯರ ಸಹಿ, ಅದರ ಮೇಲೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಹಿ ಬೇಕು. ಕೌನ್ಸೆಲಿಂಗ್ (ಸೀಟು ಹಂಚಿಕೆ) ಶುರುವಾದ ಮೇಲೆ ಓಡಾಡಿದರೆ ಕೈತಪ್ಪುತ್ತದೆ.

ಎನ್‌ಐಟಿಯಂಥ ರಾಷ್ಟ್ರಮಟ್ಟದ ಎಂಜಿನಿಯರಿಂಗ್ ಕಾಲೇಜುಗಳಿಗೆ ಇರುವ ಜೆಇಇ ಮೇನ್ ಪೂರ್ತಿ ಸ್ಪರ್ಧೆ: 3 ಗಂಟೆ, 75 ಪ್ರಶ್ನೆ, ತಪ್ಪಿಗೆ 1 ಅಂಕ ಕಡಿತ. ಕನ್ನಡದಲ್ಲೂ ಬರೆಯಬಹುದು. ಪಿಯು ಅಂಕ ರ‍್ಯಾಂಕಿಗೆ ಸೇರುವುದಿಲ್ಲ.

ವಿಜ್ಞಾನವನ್ನೇ ಆಳವಾಗಿ ಓದುವ ಕುತೂಹಲವಿದ್ದರೆ ಐಸರ್‌ಗಳ (ಕೇಂದ್ರ ಸರ್ಕಾರದ ವಿಜ್ಞಾನ ಶಿಕ್ಷಣ ಮತ್ತು ಸಂಶೋಧನಾ ಸಂಸ್ಥೆಗಳು) ಪ್ರವೇಶ ಪರೀಕ್ಷೆ ಐಎಟಿ ನೋಡಿ. ಭೌತ, ರಸಾಯನ, ಗಣಿತ, ಜೀವಶಾಸ್ತ್ರದಿಂದ ತಲಾ 15 ಪ್ರಶ್ನೆ, ಒಟ್ಟು 240 ಅಂಕ. ಪಿಸಿಎಂಸಿ (ಜೀವಶಾಸ್ತ್ರದ ಬದಲು ಕಂಪ್ಯೂಟರ್ ವಿಜ್ಞಾನ) ತೆಗೆದುಕೊಂಡವರು ಜೀವಶಾಸ್ತ್ರ ಕೈಬಿಟ್ಟರೆ 60 ಅಂಕ ಹೋಯಿತು. ಹತ್ತನೇ ತರಗತಿ ಮುಗಿಯುತ್ತಲೇ ಈ ಆಸೆ ಇದ್ದರೆ ಜೀವಶಾಸ್ತ್ರವಿರುವ ಪಿಸಿಎಂಬಿ ಆರಿಸಿಕೊಳ್ಳಿ.