ಏಜೆಂಟ್ ತೋರಿಸಿದ ಎಡಿಟರ್‌ಗೆ ದುಡ್ಡು ಕಟ್ಟಬೇಡಿ, ನಾನು ಕಟ್ಟಿ ಕೆಟ್ಟೆ

ಕೊನೆಯವರೆಗೆ ಓದಲು ಪುರುಸೊತ್ತಿಲ್ಲದವರಿಗಾಗಿ ಮೊದಲೇ ಹೇಳಿಬಿಡುತ್ತೇನೆ. ಲಿಟರರಿ ಏಜೆಂಟ್, ಅಂದರೆ ಲೇಖಕರ ಪರವಾಗಿ ಹಸ್ತಪ್ರತಿಯನ್ನು ಪ್ರಕಾಶಕರಿಗೆ ಮಾರಿಕೊಡುವವರು, ಒಬ್ಬರು ನಿಮ್ಮ ಕಾದಂಬರಿ ಬಹಳ ಇಷ್ಟವಾಯಿತು ಎಂದು ಬರೆದು, ಅದೇ ಪತ್ರದಲ್ಲೋ ಮುಂದಿನದರಲ್ಲೋ "ಆದರೆ ಮೊದಲು ಇಂಥವರ ಹತ್ತಿರ ಎಡಿಟಿಂಗ್ ಮಾಡಿಸಿಕೊಂಡು ಬನ್ನಿ" ಅಂದರೆ ಅಲ್ಲಿಗೇ ನಿಲ್ಲಿಸಿ. ಉತ್ತರವನ್ನೂ ಬರೆಯಬೇಡಿ. ನಾನು ನಿಲ್ಲಿಸಲಿಲ್ಲ. ಎಂಟು ತಿಂಗಳ ಉಳಿತಾಯ ಹೋಯಿತು. ಎಷ್ಟು ಹೋಯಿತು ಅನ್ನುವುದನ್ನು ಮನೆಯವರಿಗೆ ಇನ್ನೂ ಪೂರ್ತಿ ಹೇಳಿಲ್ಲ, ಹೇಳಲು ಬಾಯಿ ಬರುತ್ತಿಲ್ಲ.

ಐದು ವರ್ಷ ಕೂತು ಬರೆದ ಇಂಗ್ಲಿಷ್ ಕಾದಂಬರಿ ಅದು. ಸುಮಾರು 90,000 ಪದ. 22 ಏಜೆಂಟ್‌ಗಳಿಗೆ ಕಳಿಸಿದ್ದೆ. ಹೆಚ್ಚಿನವರಿಂದ ಉತ್ತರವೇ ಇಲ್ಲ, ಐದಾರು ಮಂದಿಯಿಂದ ಎರಡು ಸಾಲಿನ ನಿರಾಕರಣೆ. ಇದು ಹೀಗೇ ಎಂದು ಕಳಿಸಿದವರಿಗೆಲ್ಲ ಗೊತ್ತು. ಹಾಗೆ ಸೋತು ಕೂತಿದ್ದಾಗ ಈ ಪತ್ರ ಬಂತು. ಪೂರ್ತಿ ಹಸ್ತಪ್ರತಿ ಕಳಿಸಿ ಮೂರೇ ದಿನಕ್ಕೆ! ತಿಂಗಳುಗಟ್ಟಲೆ ಕಾಯಿಸುವುದೇ ವಾಡಿಕೆಯಾಗಿರುವ ಕಡೆ ಮೂರು ದಿನಕ್ಕೆ ಉತ್ತರ ಬಂದರೆ ಅನುಮಾನ ಬರಬೇಕಿತ್ತು. ನನಗೆ ಬಂದದ್ದು ಕಣ್ಣೀರು.

"ನಿಮ್ಮ ಧ್ವನಿ ಅಪರೂಪದ್ದು. ಪಾತ್ರಗಳು ಜೀವಂತವಾಗಿವೆ. ಭಾಷೆಗೆ ಒಂದಿಷ್ಟು ಹೊಳಪು ಕೊಟ್ಟರೆ ದೊಡ್ಡ ಪ್ರಕಾಶಕರ ಮುಂದೆ ಧೈರ್ಯವಾಗಿ ಇಡಬಹುದು." ಈ ಸಾಲುಗಳನ್ನು ಎಷ್ಟು ಸಲ ಓದಿಕೊಂಡೆನೋ. ಈಗ ನೋಡಿದರೆ ಅದರಲ್ಲಿ ಒಂದು ಪಾತ್ರದ ಹೆಸರಿಲ್ಲ, ಒಂದು ಘಟನೆಯಿಲ್ಲ. ಯಾರ ಕಾದಂಬರಿಗೆ ಬೇಕಾದರೂ ಹೊಂದುವ ಪತ್ರ.

ಒಂದು ವರ್ಷದ ಒಪ್ಪಂದ, ಆ ಅವಧಿಯಲ್ಲಿ ಬೇರೆ ಯಾರಿಗೂ ಹಸ್ತಪ್ರತಿ ಕಳಿಸುವಂತಿಲ್ಲ. ಸಹಿ ಹಾಕಿದೆ. ಸಹಿ ಹಾಕಿದ ಮಾರನೇ ದಿನ ಎಡಿಟರ್ ಹೆಸರು ಬಂತು. ಬೇರೆಯವರ ಹತ್ತಿರ ಮಾಡಿಸಬಹುದೇ ಎಂದು ಕೇಳಿದೆ, ಅಷ್ಟು ಬುದ್ಧಿ ಇತ್ತು. "ಖಂಡಿತ, ಆಯ್ಕೆ ನಿಮ್ಮದು. ಆದರೆ ಇವರು ನೋಡಿದ್ದಾರೆ ಅಂದರೆ ಪ್ರಕಾಶಕರು ಕಣ್ಣುಮುಚ್ಚಿ ನಂಬುತ್ತಾರೆ." ಇಂಥ ಮಾತಿಗೆ ಹೊಸಬರು ಏನು ಹೇಳಲು ಸಾಧ್ಯ? ಪೂರ್ತಿ ಮೊತ್ತ ಮುಂಗಡವಾಗಿಯೇ ಕಟ್ಟಿದೆ. ನಾನು ದುಡ್ಡು ಕೊಟ್ಟದ್ದು ಬರೀ ಪ್ರೂಫ್ ನೋಡುವುದಕ್ಕಲ್ಲ. ಕಥೆಯ ಕಟ್ಟು, ಅಧ್ಯಾಯಗಳ ಕ್ರಮ, ಪಾತ್ರಗಳ ಬೆಳವಣಿಗೆ ನೋಡುವ ಡೆವಲಪ್‌ಮೆಂಟಲ್ ಎಡಿಟಿಂಗ್, ಅದಾದ ಮೇಲೆ ಸಾಲು ಸಾಲಾಗಿ ತಿದ್ದುವ ಲೈನ್ ಎಡಿಟಿಂಗ್, ಎರಡಕ್ಕೂ.

ಬಂದದ್ದು ಒಂದು ಪುಟದ ವರದಿ, ಜೊತೆಗೆ ಒಂದು ಪಿಡಿಎಫ್. ವರದಿಯಲ್ಲಿ ಮತ್ತೆ ಅದೇ ಅಪರೂಪದ ಧ್ವನಿ, ಅದೇ ಜೀವಂತ ಪಾತ್ರಗಳು. ನಿಜವಾಗಿ ಕೆಲಸ ಮಾಡಿದ ಎಡಿಟರ್ ವರ್ಡ್ ಫೈಲ್‌ನಲ್ಲಿ ಟ್ರ್ಯಾಕ್ ಚೇಂಜಸ್ ಹಾಕಿ ಕಳಿಸುತ್ತಾರೆ, ಏನು ತೆಗೆದರು, ಏನು ಸೇರಿಸಿದರು ಎಲ್ಲ ಕಾಣುತ್ತದೆ, ಪಕ್ಕದಲ್ಲಿ ನಿಮಗೆ ಪ್ರಶ್ನೆಗಳಿರುತ್ತವೆ. ಇಲ್ಲಿ ಒಂದು ಪ್ರಶ್ನೆಯೂ ಇಲ್ಲ. ಆದರೂ ನಂಬಿಕೊಂಡು ಓದಲು ಕೂತೆ.

ನನ್ನ ನಾಯಕಿಯ ಹೆಸರು ಚಾರು. ಚಿಕ್ಕ ವಯಸ್ಸಿಗೇ ತೀರಿಹೋದ ನನ್ನ ಅಕ್ಕನ ಹೆಸರು. 14ನೇ ಪುಟದಲ್ಲಿ ಅವಳು 'ಚೇರ್' ಆಗಿದ್ದಳು. ಕುರ್ಚಿ. ಎಲ್ಲೋ ಬೆರಳು ತಪ್ಪಿರಬೇಕು ಅಂದುಕೊಂಡು ಪುಟ ತಿರುಗಿಸಿದೆ. ಅಲ್ಲೂ ಚೇರ್. ಹುಡುಕು ಎಂದು ಒತ್ತಿದೆ, ಇಡೀ ಪುಸ್ತಕದಲ್ಲಿ 611 ಕಡೆ. ಕುರ್ಚಿ ಅಳುತ್ತದೆ. ಕುರ್ಚಿ ತಮ್ಮನ ಕೈ ಹಿಡಿದುಕೊಂಡು ಶಾಲೆಗೆ ಹೋಗುತ್ತದೆ. ಕೊನೆಯ ಅಧ್ಯಾಯದಲ್ಲಿ ಕುರ್ಚಿ ಸಾಯುತ್ತದೆ. ಆ ಅಧ್ಯಾಯ ಬರೆಯಲು ನನಗೆ ಒಂದು ವರ್ಷ ಬೇಕಾಗಿತ್ತು.

ಸ್ಪೆಲ್‌ಚೆಕ್ ಹಾಕಿ, ಅದು ತೋರಿಸಿದ್ದನ್ನೆಲ್ಲ ಒಪ್ಪಿಕೊಂಡು, ಪಿಡಿಎಫ್ ಮಾಡಿ ಕಳಿಸಿದ್ದಾರೆ. ಅಷ್ಟೇ ಕೆಲಸ. ಒಬ್ಬ ಮನುಷ್ಯನೂ ಅದನ್ನು ಓದಿಲ್ಲ. ಒಂದೇ ಒಂದು ಪುಟ ಓದಿದ್ದರೂ ಕಾಣುತ್ತಿತ್ತು. ಎಂಟು ತಿಂಗಳ ದುಡ್ಡು, ಒಂದು ಪುಟವನ್ನೂ ಓದಿಲ್ಲ.

ಇಷ್ಟೇ ಅಲ್ಲ. ಕೈ ನಡುಗುತ್ತಿತ್ತು, ಯಾಕೋ ಫೈಲ್‌ನ ಪ್ರಾಪರ್ಟೀಸ್ ತೆರೆದೆ. ಅದನ್ನು ಮಾಡಿದವರ ಹೆಸರಿನ ಜಾಗದಲ್ಲಿ ಎಡಿಟರ್ ಹೆಸರಿರಲಿಲ್ಲ. ಏಜೆಂಟ್ ಹೆಸರಿತ್ತು.

ಏಜೆಂಟ್‌ಗೆ ಬರೆದೆ. ಬಂದ ಉತ್ತರಗಳನ್ನು ಇದ್ದ ಹಾಗೇ ಹಾಕುತ್ತೇನೆ, ನೋಡಿ. ಮೊದಲನೆಯದು: "ಎಡಿಟಿಂಗ್ ಎನ್ನುವುದು ಅಭಿರುಚಿಯ ವಿಷಯ." ನನ್ನ ಅಕ್ಕನ ಹೆಸರು ಕುರ್ಚಿಯಾಗುವುದು ಅಭಿರುಚಿಯೇ? ಹಾಗೆಂದೇ ಕೇಳಿದೆ. ಎರಡನೆಯದು: "ತಿದ್ದುಪಡಿ ಹೊಸ ಲೇಖಕರಿಗೆ ನೋವು ಕೊಡುತ್ತದೆ, ಸಹಜ. ಅಹಂ ಪಕ್ಕಕ್ಕಿಟ್ಟು ನೋಡಿ." ಮೂರನೆಯದು: "ಎರಡನೇ ಸುತ್ತಿನ ಎಡಿಟಿಂಗ್ ರಿಯಾಯಿತಿಯಲ್ಲಿ ಮಾಡಿಸಿಕೊಡುತ್ತೇವೆ." ಮತ್ತೆ ದುಡ್ಡು! ಯಾವ ಯಾವ ಪ್ರಕಾಶಕರಿಗೆ ಕಳಿಸಿದ್ದೀರಿ ಅಂದದ್ದಕ್ಕೆ "ಅದು ಗೋಪ್ಯ" ಅಂದರು. ನನ್ನ ಪುಸ್ತಕ ಎಲ್ಲಿಗೆ ಹೋಗಿದೆ ಎಂಬುದು ನನಗೇ ಗೋಪ್ಯ. ಸರಿಯಾದ ಏಜೆಂಟ್ ಆಗಿದ್ದರೆ ಕೇಳಿದ ಕೂಡಲೇ ಪಟ್ಟಿ ಕೊಡುತ್ತಾರೆ. ದುಡ್ಡು ವಾಪಸ್ ಕೊಡಿ ಅಂದಾಗ ಬಂದ ಉತ್ತರ ಇದು: "ಈ ಕ್ಷೇತ್ರ ತುಂಬ ಚಿಕ್ಕದು. ತೊಂದರೆ ಕೊಡುವ ಲೇಖಕ ಎಂಬ ಹೆಸರು ಬೇಗ ಹರಡುತ್ತದೆ." ಹೆದರಿಕೆಯಾಯಿತು. ನಿಜವಾಗಿ ಹೆದರಿ ಎರಡು ವಾರ ಸುಮ್ಮನಿದ್ದೆ.

ಆ ಎರಡು ವಾರದಲ್ಲಿ ತಿಳಿದುಕೊಂಡದ್ದನ್ನು ದುಡ್ಡು ಕಟ್ಟುವ ಮೊದಲೇ ತಿಳಿದುಕೊಳ್ಳಬೇಕಿತ್ತು. ಏಜೆಂಟ್‌ಗೆ ಆದಾಯ ಬರಬೇಕಾದ್ದು ಪುಸ್ತಕವನ್ನು ಪ್ರಕಾಶಕರಿಗೆ ಮಾರಿಕೊಟ್ಟ ಮೇಲೆ, ಪ್ರಕಾಶಕರು ಲೇಖಕರಿಗೆ ಕೊಡುವ ದುಡ್ಡಿನಿಂದ. ಸಾಮಾನ್ಯವಾಗಿ ಶೇ 15, ವಿದೇಶಿ ಹಕ್ಕುಗಳಿಗೆ ಶೇ 20. ಅಮೆರಿಕದಲ್ಲಿ ಏಜೆಂಟರ ಸಂಘವೇ ಇದೆ, ಅಸೋಸಿಯೇಷನ್ ಆಫ್ ಅಮೆರಿಕನ್ ಲಿಟರರಿ ಏಜೆಂಟ್ಸ್. ಹಸ್ತಪ್ರತಿ ಓದುವುದಕ್ಕೆ ಅದರ ಸದಸ್ಯರು ದುಡ್ಡು ಕೇಳುವಂತಿಲ್ಲ. ಈ ಆಟವೂ ಹೊಸದಲ್ಲ. 1990ರ ದಶಕದಲ್ಲೇ ನ್ಯೂಯಾರ್ಕ್ ರಾಜ್ಯದ ಎಡಿಟಿಂಗ್ ಸಂಸ್ಥೆಯೊಂದು ಲೇಖಕರನ್ನು ಕಳಿಸಿಕೊಟ್ಟ ಏಜೆಂಟ್‌ಗಳಿಗೆ ಕಮಿಷನ್ ಕೊಡುತ್ತಿತ್ತು, ಆ ರಾಜ್ಯದ ಅಟಾರ್ನಿ ಜನರಲ್ ಅದನ್ನು ಕೋರ್ಟಿಗೆ ಎಳೆದರು. ಇಂಥ ಮೋಸಗಳ ಬಗ್ಗೆ ಎಚ್ಚರಿಸಲೆಂದೇ ರೈಟರ್ ಬಿವೇರ್ ಎಂಬ ಲೇಖಕರ ಕಾವಲು ತಂಡ 1998ರಿಂದ ಕೆಲಸ ಮಾಡುತ್ತಿದೆ, ಪುಕ್ಕಟೆಯಾಗಿ. ನಾನು ಒಂದು ಸಲ ಹೆಸರು ಹಾಕಿ ಹುಡುಕಿ ನೋಡಿರಲಿಲ್ಲ.

ಎಡಿಟರ್‌ಗೆ ದುಡ್ಡು ಕೊಡುವುದು ತಪ್ಪಲ್ಲ, ಅದು ಕಷ್ಟದ ಕೆಲಸ. ಆದರೆ ಎಡಿಟರ್‌ನನ್ನು ನೀವೇ ಹುಡುಕಿ. ನಾಲ್ಕೈದು ಪುಟ ಮಾದರಿ ತಿದ್ದಿಸಿ ನೋಡಿ, ಪೂರ್ತಿ ಮೊತ್ತ ಮುಂಗಡ ಕೊಡಬೇಡಿ. ಏಜೆಂಟ್ ಬಗ್ಗೆ ಅನುಮಾನವಿದ್ದರೆ, ಅವರು ಮಾರಿಕೊಟ್ಟಿದ್ದೇವೆ ಎನ್ನುವ ಪುಸ್ತಕಗಳ ಕೃತಜ್ಞತೆಯ ಪುಟ ತೆರೆಯಿರಿ, ಲೇಖಕರು ಸಾಮಾನ್ಯವಾಗಿ ತಮ್ಮ ಏಜೆಂಟ್ ಹೆಸರು ಹೇಳಿರುತ್ತಾರೆ. ಕಾಪಿರೈಟ್ ಮಾಡಿಸಿಕೊಡುತ್ತೇವೆ ಎಂದು ನನ್ನಿಂದ ಮತ್ತಷ್ಟು ಕಿತ್ತರು. ಬರೆದ ಕ್ಷಣದಿಂದಲೇ ಹಕ್ಕು ನಿಮ್ಮದು, ಕಾಪಿರೈಟ್ ಕುರಿತ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳಲ್ಲೆಲ್ಲ ಹಾಗೆ, ಅದಕ್ಕೆ ನೋಂದಣಿ ಕಡ್ಡಾಯವಲ್ಲ.

ದುಡ್ಡು ಬಂದಿಲ್ಲ. ಕೊನೆಯ ಮೂರು ಪತ್ರಗಳಿಗೆ ಉತ್ತರವೂ ಇಲ್ಲ. ಒಪ್ಪಂದದ ಅವಧಿ ಇನ್ನೂ ನಾಲ್ಕು ತಿಂಗಳಿದೆ, ಅದನ್ನು ರದ್ದು ಮಾಡಿಸಲು ವಕೀಲರೊಬ್ಬರಿಗೆ ಕಾಗದಗಳನ್ನು ಕೊಟ್ಟಿದ್ದೇನೆ. ಹಳೆಯ ಫೈಲ್ ನನ್ನ ಹತ್ತಿರ ಹಾಗೇ ಇದೆ. ಅದರಲ್ಲಿ ಚಾರು ಚಾರುವಾಗಿಯೇ ಇದ್ದಾಳೆ. ನಿನ್ನೆ ರಾತ್ರಿ ಮೊದಲ ಪುಟದಿಂದ ಮತ್ತೆ ಓದಲು ಶುರುಮಾಡಿದೆ.