ಅಪ್ಪನ ಜೋಡಿ ನಳಿಗೆ ಬಂದೂಕು ಮತ್ತು ಬೆಳಗಾವಿಯ ಒಂದು ಅಂಗಡಿ

ಬೆಳಗಾವಿಯ ಹಳೆಯ ಮಾರುಕಟ್ಟೆ ಭಾಗದ ಈ ಬಂದೂಕಿನ ಅಂಗಡಿಗೆ ನಾವು ಎರಡು ಕೆಲಸಗಳಿಗಾಗಿ ಹೋಗಿದ್ದೇವೆ. 2020ರಲ್ಲಿ ಒಂದು ಬಂದೂಕನ್ನು ಬಿಟ್ಟುಕೊಡಲು ಹೋದೆವು. ಈ ವರ್ಷ ಇನ್ನೊಂದನ್ನು ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಮಾಡಿಸಿಕೊಳ್ಳಲು ಹೋದೆವು. ಕಾನೂನು ಬದಲಾದ ಮೇಲೆ ಮನೆತನದ ಬಂದೂಕುಗಳನ್ನು ಏನು ಮಾಡಬೇಕೆಂದು ತಿಳಿಯದೆ ಕುಳಿತಿರುವ ಖಾನಾಪುರ ಕಡೆಯ ರೈತರು ಅನೇಕರಿದ್ದಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಮ್ಮ ಹೊಲ ಕಾಡಿನ ಅಂಚಿನಲ್ಲಿದೆ. ಭತ್ತ ಹಾಲುಗಟ್ಟುವ ಹೊತ್ತಿಗೆ ಹಂದಿಯ ಹಿಂಡು ಇಳಿಯುತ್ತದೆ. ಹಂದಿಯನ್ನು ಬೆದರಿಸಿ ಓಡಿಸಲು ಅಜ್ಜ ಇಟ್ಟುಕೊಂಡಿದ್ದ ಬಾಯಿಮದ್ದಿನ (ನಳಿಗೆಯ ಬಾಯಿಂದಲೇ ಮದ್ದು ತುಂಬುವ) ಬಂದೂಕು, ಒಂಟಿ ನಳಿಗೆಯದು, ಜೋಡಿ ನಳಿಗೆಯ 12 ಬೋರಿನದು (ಬೋರು ಎಂದರೆ ನಳಿಗೆಯ ಒಳಅಳತೆ) ಹೀಗೆ ಮೂರು ಅಪ್ಪನ ಪರವಾನಗಿಯಲ್ಲಿದ್ದವು. 1959ರ ಆಯುಧ ಕಾಯ್ದೆಗೆ 2019ರಲ್ಲಿ ಆದ ತಿದ್ದುಪಡಿ ಒಬ್ಬರಿಗೆ ಎರಡೇ ಬಂದೂಕು ಎಂದು ಮಿತಿ ಹಾಕಿತು. ಹೆಚ್ಚುವರಿಯನ್ನು ಒಂದು ವರ್ಷದೊಳಗೆ, ಅಂದರೆ 2020ರ ಡಿಸೆಂಬರ್ 13ರ ಒಳಗೆ, ಠಾಣೆಗೋ ಪರವಾನಗಿ ಪಡೆದ ವ್ಯಾಪಾರಿಗೋ ಒಪ್ಪಿಸಬೇಕಿತ್ತು. ಒಂಟಿ ನಳಿಗೆಯದನ್ನು ಈ ಅಂಗಡಿಗೆ ಒಪ್ಪಿಸಿದೆವು. ಬಂದ ಹಣ ಕಡಿಮೆಯೇ. ಆದರೆ ಯಜಮಾನರು ಬಂದೂಕಿನ ಸಂಖ್ಯೆ, ತಾರೀಖು, ಸಹಿ, ಮೊಹರು ಎಲ್ಲವೂ ಇದ್ದ ರಸೀದಿಯನ್ನು ಅಲ್ಲೇ ಬರೆದುಕೊಟ್ಟರು. ಪರವಾನಗಿಯಿಂದ ಆ ಬಂದೂಕನ್ನು ತೆಗೆಸುವಾಗ ಕೆಲಸಕ್ಕೆ ಬಂದದ್ದು ಆ ಹಾಳೆಯೇ.

ಈ ಸಲದ ಕೆಲಸ ಹೆಚ್ಚು ಸೂಕ್ಷ್ಮವಾಗಿತ್ತು. ಅಪ್ಪನಿಗೆ ಈಗ 74 ವರ್ಷ. 2016ರ ಆಯುಧ ನಿಯಮಗಳ ಪ್ರಕಾರ ಪರವಾನಗಿದಾರನಿಗೆ 70 ವರ್ಷ ತುಂಬಿದರೆ, ಇಲ್ಲವೇ ಬಂದೂಕು ಅವನಲ್ಲಿ 25 ವರ್ಷ ಇದ್ದರೆ, ಬದುಕಿರುವಾಗಲೇ ತಾನು ಹೆಸರಿಸಿದ ವಾರಸುದಾರನಿಗೆ ಪರವಾನಗಿ ಕೊಡಿಸಲು ಅವಕಾಶವಿದೆ. ಅಮೆರಿಕದಲ್ಲಿರುವ ಕಾಕಾನ ಮಗ ಮಾತ್ರ ಫೋನಿನಲ್ಲಿ ಬೇರೆಯೇ ದಾರಿ ಹೇಳಿದ್ದ. ಅಲ್ಲಿ 1934ರ ರಾಷ್ಟ್ರೀಯ ಬಂದೂಕು ಕಾಯ್ದೆಯಡಿ ನೋಂದಾಯಿಸಬೇಕಾದ ಸೈಲೆನ್ಸರನ್ನು, ಅಂದರೆ ಬಂದೂಕಿನ ಸದ್ದು ತಗ್ಗಿಸುವ ಸಾಧನವನ್ನು, ಟ್ರಸ್ಟಿನ ಹೆಸರಿನಲ್ಲಿ ಕೊಂಡರೆ ಟ್ರಸ್ಟಿಗಳೆಲ್ಲರೂ ಅದನ್ನು ಇಟ್ಟುಕೊಳ್ಳಬಹುದಂತೆ. ಅಲ್ಲಿಯೂ 2016ರಲ್ಲಿ ನಿಯಮ ಬದಲಾದಾಗಿನಿಂದ ಟ್ರಸ್ಟಿನ ಹೊಣೆ ಹೊತ್ತ ಪ್ರತಿಯೊಬ್ಬರೂ ಬೆರಳಚ್ಚು, ಭಾವಚಿತ್ರ ಕೊಡಬೇಕಾಗಿದೆ. ನಾವೂ ಮನೆತನದ ಟ್ರಸ್ಟ್ ಮಾಡಿ ಅಣ್ಣತಮ್ಮಂದಿರು ಒಂದೇ ಬಂದೂಕು ಬಳಸಬಹುದೇ ಎಂದು ನಾನು ಕೇಳಿದೆ. ಯಜಮಾನರು ನಗಲಿಲ್ಲ, ಸಿಡುಕಲಿಲ್ಲ. ನಮ್ಮಲ್ಲಿ ರೈತನ ಬಂದೂಕಿನ ಪರವಾನಗಿ ಅವನೊಬ್ಬನ ಹೆಸರಿಗೇ ಅಂಟಿಕೊಂಡಿರುತ್ತದೆ, ತಮ್ಮನಿಗೆ ಪರವಾನಗಿ ಇಲ್ಲದೆ ಅದನ್ನು ಅವನ ಕೈಗೆ ಕೊಟ್ಟು ಹೊಲಕ್ಕೆ ಕಳಿಸುವಂತಿಲ್ಲ ಎಂದು ವಿವರಿಸಿದರು. ಸದ್ದು ತಗ್ಗಿಸುವ ಸಾಧನವನ್ನು ನಮ್ಮ ಕಾಯ್ದೆ ‘ಬಂದೂಕು’ ಎಂಬ ವ್ಯಾಖ್ಯೆಯೊಳಗೇ ಸೇರಿಸಿದೆ, ಅದು ತಮ್ಮ ಅಂಗಡಿಯ ಸರಕಲ್ಲ ಎಂದೂ ಸೇರಿಸಿದರು.

ಬಳಿಕ ನನ್ನ ಹೆಸರಿಗೆ ಮಾಡಿಸಬೇಕಿದ್ದ ಜೋಡಿ ನಳಿಗೆಯ ಬಂದೂಕನ್ನು ಮೇಜಿನ ಮೇಲೆ ಬಿಚ್ಚಿ, ನಳಿಗೆಯೊಳಗೆ ಬೆಳಕು ಹಾಯಿಸಿ, ಮಡಿಸುವ ಕೀಲು ಸಡಿಲವಾಗಿದೆಯೇ ಎಂದು ಅಲುಗಾಡಿಸಿ ನೋಡಿದರು. ಕಾಡತೂಸು ಕೂರುವ ಕೋಣೆಯನ್ನು ಅಳೆದಾಗ 65 ಮಿ.ಮೀ. ಬಂತು. ಇದಕ್ಕೆ 70 ಮಿ.ಮೀ. ಕಾಡತೂಸು ಹಾಕಬಾರದು, ಅದು ಒಳಗೆ ಕೂತರೂ ಸಿಡಿದಾಗ ಅದರ ಮಡಿಸಿದ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ ಎಂದರು. ಇಷ್ಟು ವರ್ಷ ಕೈಗೆ ಸಿಕ್ಕ 12 ಬೋರಿನ ಕಾಡತೂಸನ್ನೆಲ್ಲ ಹಾಕಿದ್ದ ಅಪ್ಪನ ಮುಖ ಆಗ ಬಾಡಿತು. ಈ ಒಂದು ಮಾತಿಗಾಗಿಯೇ ನಾನು ಆ ಅಂಗಡಿಗೆ ಋಣಿ.

ಎರಡನೆಯ ಉಪಕಾರ ಕಾಗದದ್ದು. ಭೂತಕನ್ನಡಿ ಹಿಡಿದು ಸಂಖ್ಯೆ ಓದಿದವರು, “ಸಾಹುಕಾರ್ರ, ಪುಸ್ತಕದಾಗ ಮೂರು ಬರದಾರ, ನಳಿಗಿ ಮ್ಯಾಲೆ ಎಂಟು ಐತಿ ನೋಡ್ರಿ” ಎಂದು ಅಪ್ಪನಿಗೆ ತೋರಿಸಿದರು. ಹಳೆಯ ಪರವಾನಗಿ ಪುಸ್ತಕದಲ್ಲಿ ಯಾವಾಗಲೋ ತಪ್ಪಾಗಿ ಬರೆದ ಆ ಒಂದು ಅಂಕಿ ಗಣಕದಲ್ಲಿಯೂ ಹಾಗೆಯೇ ಏರಿ ಕೂತಿತ್ತು. ಅದನ್ನು ಬಿಟ್ಟು ಅರ್ಜಿ ಹಾಕಿದ್ದರೆ ಪುಸ್ತಕದಲ್ಲಿರುವ ಬಂದೂಕು ನಮ್ಮಲ್ಲಿಲ್ಲ, ನಮ್ಮಲ್ಲಿರುವ ಬಂದೂಕು ಪುಸ್ತಕದಲ್ಲಿಲ್ಲ ಎಂದಾಗುತ್ತಿತ್ತು. ಮೊದಲು ತಿದ್ದುಪಡಿ, ಆಮೇಲೆ ತಂಗಿ ಮತ್ತು ತಮ್ಮನಿಂದ ಆಕ್ಷೇಪಣೆ ಇಲ್ಲವೆಂಬ ಪತ್ರ, ನನ್ನ ವೈದ್ಯಕೀಯ ಪ್ರಮಾಣಪತ್ರ, ಬಂದೂಕನ್ನು ಭದ್ರವಾಗಿ ಇಡುವ ವ್ಯವಸ್ಥೆಯ ಮುಚ್ಚಳಿಕೆ ಎಂದು ಅನುಕ್ರಮವನ್ನು ಅವರೇ ಬರೆದುಕೊಟ್ಟರು. ಹೊಸ ಪರವಾನಗಿ ಕೈಗೆ ಬರುವವರೆಗೂ ಬಂದೂಕನ್ನು ಅಪ್ಪನ ಹೆಸರಿನಲ್ಲಿ ತಮ್ಮಲ್ಲಿಯೇ ಇರಿಸಿಕೊಂಡರು.

ಕೊರತೆ ಇಲ್ಲವೆಂದಲ್ಲ. ಇರಿಸಿಕೊಂಡದ್ದಕ್ಕೆ ತಿಂಗಳಿಗೆ ಎಷ್ಟು ಎಂಬ ದರಪಟ್ಟಿ ಅಂಗಡಿಯಲ್ಲೆಲ್ಲೂ ಇಲ್ಲ. ಬಿಡಿಸಿಕೊಳ್ಳುವ ದಿನ ಹೇಳಿದ ಮೊತ್ತ ನಾವು ಅಂದುಕೊಂಡದ್ದಕ್ಕಿಂತ ಹೆಚ್ಚಾಗಿತ್ತು. ಮಳೆಗಾಲದಲ್ಲಿ ಒಮ್ಮೆಯೂ ಎಣ್ಣೆ ಹಚ್ಚಿರಲಿಲ್ಲವೆಂದು ಕಾಣುತ್ತದೆ, ಎಡ ನಳಿಗೆಯ ಬಾಯಿಯಲ್ಲಿ ತೆಳುವಾಗಿ ತುಕ್ಕು ಹಿಡಿದಿತ್ತು. ತೋರಿಸಿದಾಗ ವಾದಿಸದೆ ಉಜ್ಜಿಸಿಕೊಟ್ಟರು, ಬಾಡಿಗೆಯನ್ನು ಮಾತ್ರ ಇಳಿಸಲಿಲ್ಲ. ಬಂದೂಕು ಇರಿಸಲು ಹೋಗುವವರು ಬಾಡಿಗೆಯನ್ನೂ ಎಣ್ಣೆ ಹಚ್ಚುವ ಕರಾರನ್ನೂ ರಸೀದಿಯಲ್ಲಿಯೇ ಬರೆಸಿಕೊಳ್ಳಬೇಕು.

ಹೊಸ ಪರವಾನಗಿಗೆ ಈಗ ಮೂರರ ಬದಲು ಐದು ವರ್ಷದ ಅವಧಿ. ಬಾಯಿಮದ್ದಿನ ಬಂದೂಕು ಅಪ್ಪನ ಹೆಸರಿನಲ್ಲಿಯೇ ಉಳಿದಿದೆ. ಅದನ್ನೂ ಇದೇ ಅಂಗಡಿಯಲ್ಲಿ ಒಮ್ಮೆ ಬಿಚ್ಚಿಸಿ ತೋರಿಸಲು ಸುಗ್ಗಿ ಮುಗಿದ ಮೇಲೆ ಹೋಗುವವರಿದ್ದೇವೆ.