ಮೆಷಿನ್ ವಾಸನೆಗೆ ನಿಂಬೆ ಉಪ್ಪೋ, ಬ್ಲೀಚೋ, ಅಂಗಡಿ ಪೌಡರೋ?

ವಾಷಿಂಗ್ ಮೆಷಿನ್ ವಾಸನೆ ಹೊಡೆಯುತ್ತೆ ಅಂತ ಬಾಯಿಬಿಟ್ಟರೆ ಸಾಕು, ಸಲಹೆಗೆ ಬರವಿಲ್ಲ. ಪಕ್ಕದ ಮನೆಯವರು ವಿನೆಗರ್ ಅನ್ನುತ್ತಾರೆ, ಇನ್ನೊಬ್ಬರು ಅಡಿಗೆ ಸೋಡಾ ಅನ್ನುತ್ತಾರೆ. ಸರ್ವಿಸ್‌ಗೆ ಬಂದ ಹುಡುಗ ಬ್ಯಾಗಿನಿಂದ ಪೌಡರ್ ಪ್ಯಾಕೆಟ್ಟೇ ತೆಗೆಯುತ್ತಾನೆ. ಎಲ್ಲವನ್ನೂ ಎರಡು ಮೆಷಿನ್‌ನಲ್ಲಿ ಹಾಕಿ ನೋಡಿದ್ದೇನೆ. ಒಂದು ಮೈಸೂರಿನ ನಮ್ಮ ಮನೆಯ ಫ್ರಂಟ್ ಲೋಡ್, ಇಲ್ಲಿ ಕಾರ್ಪೊರೇಷನ್ ನೀರು. ಇನ್ನೊಂದು ಮಂಡ್ಯದ ಅಕ್ಕನ ಮನೆಯ ಟಾಪ್ ಲೋಡ್. ಅಲ್ಲಿ ಬೋರ್ ನೀರು, ಬಕೆಟ್ ಅಂಚಿನಲ್ಲಿ ಬಿಳಿ ಗೆರೆ ಕಟ್ಟುವಷ್ಟು ಗಡಸು.

ಪುಡಿ ಯಾವುದೇ ಇರಲಿ, ಮೊದಲು ಕೈ ಕೊಳೆ ಮಾಡಿಕೊಳ್ಳಬೇಕು. ಫ್ರಂಟ್ ಲೋಡ್‌ನ ಬಾಗಿಲ ಸುತ್ತ ಬೂದು ರಬ್ಬರ್ ಇರುತ್ತಲ್ಲ, ಅದರ ಮಡಿಕೆ ಬಿಡಿಸಿ ನೋಡಿ. ಕಪ್ಪು ಚುಕ್ಕೆ, ಕೂದಲು, ಬೆರಳಿಗೆ ಅಂಟುವ ಲೋಳೆ. ಕೆಳಗೆ ಮೂಲೆಯಲ್ಲಿ ಸಣ್ಣ ಮುಚ್ಚಳದ ಹಿಂದೆ ಡ್ರೈನ್ ಫಿಲ್ಟರ್ ಇರುತ್ತೆ. ಮೆಷಿನ್ ಆಫ್ ಮಾಡಿ, ಅಡಿಗೆ ಒಂದು ತಟ್ಟೆ ಇಟ್ಟು, ನಿಧಾನಕ್ಕೆ ತಿರುಗಿಸಿ. ನಮ್ಮದರಲ್ಲಿ ಹೇರ್‌ಪಿನ್ನು, ಅಂಗಿ ಗುಂಡಿ, ಮುದ್ದೆಯಾದ ದಾರ, ಜೊತೆಗೆ ಕಲಗಚ್ಚಿನ ಬಾನಿಯಂಥ ವಾಸನೆಯ ನೀರು ಬಂತು. ಅದನ್ನು ತೆಗೆದ ಮೇಲೆ ಅರ್ಧ ನಾತ ಅಲ್ಲೇ ಹೋಯಿತು, ಪುಡಿಗೆ ಇನ್ನೂ ಒಂದು ಪೈಸೆ ಖರ್ಚಾಗಿರಲಿಲ್ಲ.

ಈಗ ಸ್ಪರ್ಧಿಗಳು. ಅಡಿಗೆ ಸೋಡಾ ವಾಸನೆಯನ್ನು ಸ್ವಲ್ಪ ಹೀರುತ್ತೆ, ಲೋಳೆ ಹಾಗೇ ಇರುತ್ತೆ. ವಿನೆಗರ್ ಪರವಾಗಿಲ್ಲ, ಆದರೆ ಅದರಲ್ಲಿ ಆಮ್ಲ ನೂರಕ್ಕೆ 4-5ರಷ್ಟೇ, ಡ್ರಮ್‌ನ ನೀರಿಗೆ ಬಿದ್ದರೆ ಇನ್ನೂ ತೆಳು. ಪದೇ ಪದೇ ಹಾಕಿದರೆ ರಬ್ಬರಿಗೂ ಒಳ್ಳೆಯದಲ್ಲ. ಎರಡನ್ನೂ ಬೆರೆಸಿದರೆ ನೊರೆ ಉಕ್ಕುತ್ತೆ, ನೋಡೋಕೆ ಚೆಂದ. ಆಮ್ಲ, ಕ್ಷಾರ ಒಂದನ್ನೊಂದು ಕೊಂದುಕೊಂಡು ಉಳಿಯುವುದು ಉಪ್ಪುನೀರು ಅಷ್ಟೇ. ಈ ಜೋಡಿ ನನ್ನ ಪಟ್ಟಿಯಲ್ಲಿ ಕೊನೆ.

ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್, ಗ್ರಂಧಿಗೆ ಅಂಗಡಿಯಲ್ಲಿ ಕಡಿಮೆ ಬೆಲೆಗೆ ಸಿಗುತ್ತೆ. ಸುಮಾರು 100 ಗ್ರಾಂ ಖಾಲಿ ಡ್ರಮ್‌ಗೆ ಹಾಕಿ 60 ಡಿಗ್ರಿಯಲ್ಲಿ ಓಡಿಸಬೇಕು. ಇದು ಗೆದ್ದದ್ದು ಮಂಡ್ಯದಲ್ಲಿ. ಅಕ್ಕನ ಮೆಷಿನ್‌ಗೆ ಹೀಟರ್ ಇಲ್ಲ. ಸೋಲಾರ್‌ನ ಬಿಸಿನೀರು ಬಕೆಟ್ಟಿನಿಂದ ಡ್ರಮ್‌ಗೆ ಸುರಿದು, ಒಂದು ಸುತ್ತು ತಿರುಗಿಸಿ, ಒಂದು ಗಂಟೆ ನೆನೆಯೋಕೆ ಬಿಟ್ಟೆವು. ಬಿಟ್ಟ ನೀರಿನ ಜೊತೆ ಸುಣ್ಣದ ಬಿಳಿ ಹೊಪ್ಪಳೆ, ಅದಕ್ಕಂಟಿದ ಬೂದು ಕೊಳೆ ಎಲ್ಲ ಎದ್ದು ಬಂತು. ಸುಣ್ಣ ಕಟ್ಟಿದ ಕಡೆ ಸೋಪಿನ ಜಿಡ್ಡು ಬೇಗ ಕೂರುತ್ತೆ, ಜಿಡ್ಡಿನಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತೆ. "ಆ ಪ್ಯಾಕೆಟ್ಟಿಗೆ ಸುಮ್ನೆ ದುಡ್ಡು ದಂಡ ಮಾಡ್ತಿದ್ನಲ್ಲೋ" ಅಂದಳು ಅಕ್ಕ.

ಅಂಗಡಿ ಪೌಡರಿನ ಪ್ಯಾಕೆಟ್ ಪೂರ್ತಿ ದಂಡ ಅಂತ ನಾನು ಹೇಳಲ್ಲ. ಹಿಂಭಾಗ ಓದಿ. ಕೆಲವದರಲ್ಲಿ ಇರುವುದು ಇದೇ ಸಿಟ್ರಿಕ್ ಆಸಿಡ್, ಅದಕ್ಕೆ ಅಷ್ಟು ದುಡ್ಡು ಯಾಕೆ? ಸೋಡಿಯಂ ಪರ್‌ಕಾರ್ಬೊನೇಟ್ ಇದ್ದರೆ ಕಥೆ ಬೇರೆ. ಅದು ಬಿಸಿನೀರಿನಲ್ಲಿ ಹೈಡ್ರೋಜನ್ ಪೆರಾಕ್ಸೈಡ್ ಬಿಟ್ಟು ಲೋಳೆಯನ್ನು ಸಡಿಲಿಸುತ್ತೆ. ತಣ್ಣೀರಿನಲ್ಲಿ ಹಾಕಿದರೆ ಅದರ ಕೆಲಸ ಮಂದ.

ನಮ್ಮ ಮನೆಯಲ್ಲಿ ಗೆದ್ದದ್ದು ಬ್ಲೀಚ್. ಸುಣ್ಣ ಕಡಿಮೆ, ಬೂಷ್ಟು ಜಾಸ್ತಿ, ಅದಕ್ಕೆ. ಆಷಾಢದ ಜಡಿ ಮಳೆಯಲ್ಲಿ ಬಾಗಿಲು ಮುಚ್ಚಿಟ್ಟ ಮೆಷಿನ್‌ನ ರಬ್ಬರ್ ನೋಡಿದರೆ ಗೊತ್ತಾಗುತ್ತೆ. ಕೈಗವಸು ಹಾಕಿ, ನೀರು ಬೆರೆಸಿದ ಲಿಕ್ವಿಡ್ ಬ್ಲೀಚ್‌ನಲ್ಲಿ ಹಳೇ ಬಟ್ಟೆ ಅದ್ದಿ, ಮಡಿಕೆಯೊಳಗೆ ತುರುಕಿ ಅರ್ಧ ಗಂಟೆ ಬಿಟ್ಟು ಒರೆಸಿದೆ. ಕಪ್ಪು ಪೂರ್ತಿ ಹೋಗದಿದ್ದರೂ ಮುಗ್ಗಲು ಹೋಯಿತು. ಆಮೇಲೆ ಖಾಲಿ ಮೆಷಿನ್ ಒಂದು ಸಲ ಓಡಿಸಲೇಬೇಕು, ಇಲ್ಲದಿದ್ದರೆ ಬಣ್ಣದ ಸೀರೆಗೆ ಬಿಳಿ ಚುಕ್ಕೆ ಗ್ಯಾರಂಟಿ. ಬ್ಲೀಚ್ ಜೊತೆ ವಿನೆಗರ್ ಆಗಲಿ, ನಿಂಬೆ ಉಪ್ಪಾಗಲಿ ಸೇರಿಸಲೇಬೇಡಿ. ಕ್ಲೋರಿನ್ ಗ್ಯಾಸ್ ಬರುತ್ತೆ, ಸಣ್ಣ ಬಾತ್‌ರೂಮಿನಲ್ಲಿ ಅದು ಜೀವಕ್ಕೇ ಕುತ್ತು. ಇದು ಒಂದು ವಾರ, ಅದು ಇನ್ನೊಂದು ವಾರ ಅಂತ ಇಟ್ಟುಕೊಳ್ಳಿ.

ವಾಸನೆ ಮತ್ತೆ ಬರದಿರಲು ಸೋಪಿನ ಪುಡಿ ಕಡಿಮೆ ಮಾಡಿ, ಬಟ್ಟೆಗೆ ಹಾಕುವ ಕಂಡಿಷನರ್ ಇನ್ನೂ ಕಡಿಮೆ ಮಾಡಿ. ಒಗೆದ ಬಟ್ಟೆ ಸಂಜೆವರೆಗೂ ಒಳಗೇ ಬಿಡಬೇಡಿ. ಬಾಗಿಲು, ಸೋಪಿನ ಡ್ರಾಯರ್ ಎರಡೂ ತೆರೆದಿರಲಿ. ಚಿಕ್ಕ ಮಕ್ಕಳಿರುವ ಮನೆಯಾದರೆ ಮೆಷಿನ್ ಇರುವ ಕೋಣೆಯ ಬಾಗಿಲು ಹಾಕಿಕೊಳ್ಳಿ.

ಇಷ್ಟೆಲ್ಲ ಮಾಡಿಯೂ ನಾತ ಉಳಿದರೆ ಮೆಷಿನ್ ಬಿಟ್ಟು ನೆಲ ನೋಡಿ. ಡ್ರೈನ್ ಪೈಪ್ ಇಳಿಯುವ ಮೋರಿಯ ಟ್ರ್ಯಾಪ್‌ನಲ್ಲಿ, ಅಂದರೆ ನೀರು ನಿಂತು ವಾಸನೆ ತಡೆಯುವ ಭಾಗದಲ್ಲಿ, ನೀರು ಒಣಗಿದ್ದರೆ ಚರಂಡಿ ಗಾಳಿ ನೇರ ಮೇಲೆ ಬರುತ್ತೆ. ಒಂದು ಚೊಂಬು ನೀರು ಸುರಿದು ಹತ್ತು ನಿಮಿಷ ಬಿಟ್ಟು ಮೂಸಿ ನೋಡಿ.